ತಂಬಿಗೆ ಮತ್ತು ವಿನ್ಯಾಸಕರ ಹೊಣೆ

ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಸಲ್ಲಿಸಿದ ವರದಿಯು, ಈ ನಾಡಿನಲ್ಲಿ ಅವರು ಕಂಡ ವಸ್ತುಗಳಲ್ಲೆಲ್ಲ ತಂಬಿಗೆಗೆ ಅಗ್ರಸ್ಥಾನವನ್ನು ನೀಡಿತು. ಹಿಡಿಯುವ ಕೈಯ ಬಲವೆಷ್ಟು, ತಲೆಯ ಮೇಲೋ ಸೊಂಟದಲ್ಲೋ ಹೊತ್ತಾಗ ಸಮತೋಲ ಹೇಗೆ, ತೊಳೆಯಲು ಸುಲಭವೇ, ಬೆಲೆಯೇನು ಎಂಬ ಪ್ರಶ್ನೆಗಳನ್ನು ಅದು ಸಾಲಾಗಿ ಎತ್ತಿತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸ್ಥಾಪನೆಗೆ (1961) ಈ ವರದಿಯೇ ಪ್ರೇರಣೆ.

ಜನಪದ ಕಾವ್ಯದಂತೆ ತಂಬಿಗೆಗೂ ಒಬ್ಬ ಕರ್ತೃವಿಲ್ಲ. ಬಳಸಿದವರೂ ಮಾಡಿದವರೂ ತಲೆಮಾರುಗಳ ಕಾಲ ಅದನ್ನು ತಿದ್ದುತ್ತ ಬಂದರು. ಇಂದು ರೂಪಿಸುವವರು ಬಳಸುವವರ ಮುಖವನ್ನೇ ಕಾಣರು. ಅಚ್ಚಿನಲ್ಲುಳಿದ ಒಂದು ದೋಷ ಏಕಕಾಲಕ್ಕೆ ಲಕ್ಷಾಂತರ ಮನೆಗಳನ್ನು ಹೊಗುತ್ತದೆ. ತಲೆಮಾರುಗಳು ಹಂಚಿಕೊಂಡಿದ್ದ ಹೊಣೆ ಹೀಗೆ ಕೆಲವೇ ವಿನ್ಯಾಸಕರ ಹೆಗಲೇರಿದೆ. ಮಾರಾಟದ ಲೆಕ್ಕಕ್ಕೆ ಮೊದಲು ಆ ಹಳೆಯ ಪ್ರಶ್ನೆಗಳಿಗೆ ಉತ್ತರಿಸುವುದು ಅವರ ಸಾಮಾಜಿಕ ಕರ್ತವ್ಯ.