ಕಾಡುಪಾಪ ಮತ್ತು ಕೀಡಿಯ ಲೆಕ್ಕ

ಮಕ್ಕಳೇ, ದೀಪಾವಳಿ ಮುಗಿದ ವಾರ ಜೇವರ್ಗಿಯ ನಮ್ಮ ಮನೆಯ ದೀಪಕ್ಕೆ ಮಣ್ಣುಬಣ್ಣದ ಪತಂಗವೊಂದು ಬಂತು. ಕಾಡುಪಾಪದ ಪಾಠ ಓದುತ್ತಿದ್ದ ಮೊಮ್ಮಗ ಚಪ್ಪಲಿ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

"ಮುತ್ಯಾ, ಕಾಡುಪಾಪಕ್ಕ ಹೊಡದ್ರ ಜೇಲ್ ಆಗ್ತದಂತ. ಇದಕ್ಕ ಹೊಡದ್ರ ಯಾಕ ಇಲ್ಲ?"

ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ಮುದುಕನಾದವನು ನಾನು. ಲೆಕ್ಕದ ಮಾತಿನಲ್ಲೇ ಹೇಳಿದೆ.

ಎರಡೂ ರಾತ್ರಿ ಓಡಾಡುವ ಪ್ರಾಣಿಗಳೇ. ಆದರೆ ಕಾಡುಪಾಪಕ್ಕೆ ಬೆನ್ನೆಲುಬುಂಟು. ಅದು ಸಸ್ತನಿ, ಮಂಗ ಮತ್ತು ಮನುಷ್ಯರಿರುವ ಪ್ರೈಮೇಟ್ ಗಣಕ್ಕೇ ಸೇರಿದ್ದು. ಪತಂಗ ಬೆನ್ನೆಲುಬಿಲ್ಲದ ಕೀಟ, ಚಿಟ್ಟೆಗಳ ಗಣದ್ದು.

"ಅಂದ್ರ ಕಾಡುಪಾಪ ನಮ್ಮ ಬೀಗರಾ?"

"ಬೀಗರಲ್ಲೋ, ದೂರದ ದಾಯಾದಿ!"

ಆದರೆ ಕಾಯ್ದೆ ನೆಂಟಸ್ತಿಕೆ ನೋಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿ ಕಾಡುಪಾಪವಿದೆ. ಕೆಲವು ಚಿಟ್ಟೆಗಳಿಗೂ ಅದೇ ಕಾಯ್ದೆಯ ರಕ್ಷಣೆ ಇದೆ. ನೋಡಬೇಕಾದದ್ದು ಜಮಾ-ಖರ್ಚು. ತುಮಕೂರಿನ ಕಡೆ, ಪಶ್ಚಿಮಘಟ್ಟದಲ್ಲಿ ಬದುಕುವ ಕಾಡುಪಾಪಕ್ಕೆ ಒಂದು ಸಲಕ್ಕೆ ಒಂದೋ ಎರಡೋ ಮರಿ. ಮರ ಕಡಿಯುವುದು, ಕರೆಂಟಿನ ತಂತಿ, ಮಾಟ-ಮಂತ್ರಕ್ಕೆ ಹಿಡಿಯುವುದು, ಎಲ್ಲವೂ ಖರ್ಚೇ. ಜಮಾ ಕಡಿಮೆಯಾದ ಖಾತೆ ಬೇಗ ಬರಿದಾಗುತ್ತದೆ.

ಈ ಪತಂಗವೋ, ನಮ್ಮ ತೊಗರಿಯ ಹಸಿರು ಕೀಡಿಗೆ ರೆಕ್ಕೆ ಬಂದ ರೂಪ. ಕೆಲವೇ ದಿನದ ಬಾಳಿನಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಅಫಜಲಪುರದಲ್ಲಿ ನಾನಿದ್ದಾಗ ಸಾಲದ ಕಂತು ಕಟ್ಟಬೇಕಿದ್ದ ರೈತರೊಬ್ಬರು ಕೌಂಟರಿನ ಮೇಲೆ ಟವಲಿನ ಗಂಟು ಬಿಚ್ಚಿದರು. ಅದರಲ್ಲಿ ಹಣವಿರಲಿಲ್ಲ, ತೂತು ಬಿದ್ದ ತೊಗರಿಕಾಯಿ ಇದ್ದವು. ನಾನು ತಲೆ ತಗ್ಗಿಸಿ ಬಡ್ಡಿ ಬರೆದೆ. ಆ ಪುಟ ಇಂದಿಗೂ ಮರೆತಿಲ್ಲ.

ಹಾಗಂತ ಕಂಡ ಪತಂಗವೆಲ್ಲ ವೈರಿಯಲ್ಲ. ಎಷ್ಟೋ ಪತಂಗಗಳು ಹೂವಿನ ಪರಾಗ ಸಾಗಿಸುತ್ತವೆ. ಕೀಟಗಳೇ ಕಾಡುಪಾಪದ ಮುಖ್ಯ ಊಟ. ಆಳಂದದ ನನ್ನ ಗೆಳೆಯ ಮೊದಲು ಗಿಡದ ಮೇಲಿನ ಕೀಡಿ ಎಣಿಸುತ್ತಾನೆ. ಗಿಡದ ಕೆಳಗೆ ಬಟ್ಟೆ ಹಾಸಿ ಅಲುಗಾಡಿಸಿ ಉದುರಿಸುತ್ತಾನೆ, ಬೇವಿನ ಕಷಾಯ ಹೊಡೆಯುತ್ತಾನೆ, ಹಕ್ಕಿ ಕೂರಲು ಹೊಲದಲ್ಲಿ ಕೋಲು ನೆಡುತ್ತಾನೆ. ಔಷಧಿ ಕಟ್ಟಕಡೆಗೆ. ಸಿಕ್ಕಾಪಟ್ಟೆ ಹೊಡೆದರೆ ಕೀಡಿ ತಿನ್ನುವ ಜೀವಗಳೂ ಜೇನೂ ಸಾಯುತ್ತವೆ.

ಮೊಮ್ಮಗ ಚಪ್ಪಲಿ ಕೆಳಗಿಟ್ಟ. "ಹಂಗಾದ್ರ ಮುಂಜಾನಿ ನಮ್ಮ ಹೊಲದಾಗೂ ಎಣಿಸಾಮು, ಮುತ್ಯಾ."

ಮರುದಿನ ಎಣಿಸಿದೆವು. ಲೆಕ್ಕ ಬರೆದವನು ಅವನೇ. ನಿಮ್ಮ ಮನೆಯ ದೀಪಕ್ಕೂ ಪತಂಗ ಬಂದರೆ ಹೊಡೆಯುವ ಮೊದಲು ಅಜ್ಜ-ಅಜ್ಜಿಯನ್ನು ಕರೆದು, ಅದು ಯಾರು, ಏನು ತಿನ್ನುತ್ತದೆ ಎಂದು ಕೇಳಿ ನೋಡಿ.