ಸೂಟಿಯಲ್ಲಿ ಮನೆಯೇ ಓದುಮನೆ

ಏಪ್ರಿಲ್ ಎರಡನೆಯ ವಾರ ಫಲಿತಾಂಶದ ಹಾಳೆ ಕೈಗೆ ಬಂದ ದಿನವೇ ಮಕ್ಕಳ ಪಾಟಿಚೀಲ ಗೂಟ ಸೇರುತ್ತದೆ. ಅದು ಕೆಳಗಿಳಿಯುವುದು ಮೇ ತಿಂಗಳ ಕೊನೆಗೆ, ಶಾಲೆಯ ಗಂಟೆ ಮತ್ತೆ ಬಾರಿಸಿದಾಗ. ನಡುವೆ ಆರೇಳು ವಾರ ಒಂದಕ್ಷರವನ್ನೂ ನೋಡದ ಮಗು ಜೂನ್‌ನಲ್ಲಿ ತಡವರಿಸುವುದನ್ನು ಶಿಕ್ಷಕರೆಲ್ಲ ಕಂಡಿದ್ದೇವೆ. ಮಾರ್ಚ್‌ನಲ್ಲಿ ಸಲೀಸಾಗಿ ಓದುತ್ತಿದ್ದ ಮೂರನೆಯ ತರಗತಿಯ ಹುಡುಗಿ ಈಗ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾಳೆ. ಕಲಿತ ಈಜು ಮರೆಯುವುದಿಲ್ಲ ಎನ್ನುತ್ತಾರೆ. ಅರೆಬರೆ ಕಲಿತ ಓದು ಮಾತ್ರ ಬಹು ಬೇಗ ಮರೆಯುತ್ತದೆ.

ಇದು ಬರೀ ಕನ್ನಡ ವಿಷಯದ ಮಾತಲ್ಲ. ಹೈಸ್ಕೂಲಿಗೆ ಬಂದು ‘ವಿಜ್ಞಾನ ತಲೆಗೆ ಹತ್ತುವುದಿಲ್ಲ’ ಎನ್ನುವ ಮಕ್ಕಳಲ್ಲಿ ಅನೇಕರಿಗೆ ಬಾರದಿರುವುದು ವಿಜ್ಞಾನವಲ್ಲ, ಓದು. ಪ್ರಶ್ನೆಯನ್ನು ಓದಿ ಮುಗಿಸುವಷ್ಟರಲ್ಲಿ ಅದರ ಮೊದಲ ಭಾಗ ಮರೆತಿರುತ್ತದೆ. ಒಂದೊಂದೇ ವಿಷಯದಲ್ಲಿ ಹಿಂದೆ ಬಿದ್ದ ಮಗು ಕೊನೆಗೆ ಶಾಲೆಯನ್ನೇ ಬಿಡುತ್ತದೆ. ಆದ್ದರಿಂದ ಈ ಸೂಟಿಯಲ್ಲಿ ಮನೆಮಂದಿಯೆಲ್ಲ ಕೂಡಿ ದಿನಕ್ಕೆ ಅರ್ಧ ಗಂಟೆ ಓದಿಗೆ ಮೀಸಲಿಡಬೇಕು. ಟ್ಯೂಷನ್ ಬೇಡ, ಮುಂದಿನ ತರಗತಿಯ ಪಠ್ಯವೂ ಬೇಡ. ಕಥೆ, ಚಿತ್ರ, ಪ್ರಾಣಿ, ಆಕಾಶ, ಮಗುವಿಗೆ ಯಾವುದು ಇಷ್ಟವೋ ಅದು ಸಾಕು.

ಅವ್ವ ಕೇಳಲಿ

‘ಸರ, ನಮಗ ಓದಾಕ ಬರಂಗಿಲ್ಲ, ನಾವು ಹೆಂಗ ಓದಸೋಣ್ರಿ?’ ಕಾರಟಗಿಯ ಕಡೆ ಭತ್ತದ ಗದ್ದೆಗೆ ಹೋಗುವ ತಾಯಂದಿರು ಕೇಳುವ ಪ್ರಶ್ನೆ ಇದು. ಕೇಳುವುದು ಸಹಜ. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಸಾಕ್ಷರತೆ ನೂರಕ್ಕೆ 68ರಷ್ಟು. ಹೆಂಗಸರಲ್ಲಿ ಇನ್ನೂ ಕಡಿಮೆ. ಆದರೆ ಈ ಕೆಲಸಕ್ಕೆ ಅಕ್ಷರ ಬಾರದ ತಾಯಿ ಅಡ್ಡಿಯಲ್ಲ, ಅವಳೇ ಅನುಕೂಲ. ಓದುವುದು ಮಗು, ಕೇಳುವುದು ಅವ್ವ. ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವ ಶಿಕ್ಷಕ ಮಗುವನ್ನು ಪರೀಕ್ಷೆ ಮಾಡುತ್ತಾನೆ. ‘ಆಮ್ಯಾಲ ಏನಾತು?’ ಎಂದು ಕೇಳುವ ಅವ್ವನಿಗೆ ನಿಜವಾಗಿಯೂ ಮುಂದಿನದು ಬೇಕಾಗಿದೆ. ಆಗ ಮಗು ಅವಳಿಗೆ ಅರ್ಥವಾಗುವಂತೆ ಓದಲೇಬೇಕು. ತಾನು ಅರ್ಥಮಾಡಿಕೊಳ್ಳದೆ ಹಾಗೆ ಓದಲಾಗದು.

ನಮ್ಮ ಸುತ್ತಲಿನ ಕ್ಯಾಂಪುಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಅಲ್ಲಿ ಮಗು ಕನ್ನಡದಲ್ಲಿ ಓದಿ ಅಜ್ಜಿಗೆ ತೆಲುಗಿನಲ್ಲಿ ಹೇಳಲಿ. ಓದಿದ್ದು ತಿಳಿಯದಿದ್ದರೆ ಇನ್ನೊಂದು ಭಾಷೆಯಲ್ಲಿ ಹೇಳಲು ಬಾರದು.

ಓದು ಬಲ್ಲ ಪಾಲಕರಿಗೆ ಒಂದು ವಿನಂತಿ: ತಪ್ಪು ಕಂಡ ಕೂಡಲೇ ಬಾಯಿ ಹಾಕಬೇಡಿ. ವಾಕ್ಯ ಮುಗಿಯಲಿ. ಅರ್ಥ ಕೆಟ್ಟಿದ್ದರೆ ಹೆಚ್ಚಿನ ಮಕ್ಕಳು ತಾವೇ ಹಿಂದಕ್ಕೆ ಬಂದು ತಿದ್ದಿಕೊಳ್ಳುತ್ತಾರೆ. ಮನೆಯಲ್ಲಿ ದೊಡ್ಡ ಮಗುವಿದ್ದರೆ ಅದು ಚಿಕ್ಕದಕ್ಕೆ ಓದಿ ಹೇಳಲಿ, ಇಬ್ಬರಿಗೂ ಲಾಭ.

ವೇಳೆ ಮಾತ್ರ ಒಂದೇ ಇರಲಿ. ಬಿಸಿಲು ನಲವತ್ತು ಡಿಗ್ರಿ ದಾಟುವ ನಮ್ಮಲ್ಲಿ ಮಧ್ಯಾಹ್ನ ಮಕ್ಕಳು ಹೇಗೂ ಪಡಸಾಲೆಯಲ್ಲಿರುತ್ತಾರೆ. ಹಿರಿಯರು ಕೊಯ್ಲಿಗೆ ಹೋಗಿದ್ದರೆ ರಾತ್ರಿ ಊಟವಾದ ಮೇಲೆ ಕೂಡಿರಿ. ಆ ಅರ್ಧ ಗಂಟೆ ಟಿ.ವಿ.ಗೂ ಮೊಬೈಲಿಗೂ ಸೂಟಿ. ಒಂದು, ಎರಡನೆಯ ತರಗತಿಯವರಿಗೆ ಹತ್ತು ನಿಮಿಷದ ಓದು ಸಾಕು. ಉಳಿದ ಹೊತ್ತು ಅವರು ಕೇಳಲಿ.

ಪುಸ್ತಕ ಮಗುವೇ ಆರಿಸಲಿ

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ರಿಚರ್ಡ್ ಆಲಿಂಗ್ಟನ್ ಮತ್ತು ಸಂಗಡಿಗರು ಬಡ ಮಕ್ಕಳು ಹೆಚ್ಚಾಗಿದ್ದ 17 ಶಾಲೆಗಳಲ್ಲಿ ಒಂದು ಅಧ್ಯಯನ ನಡೆಸಿದರು. ಬೇಸಿಗೆ ರಜೆಗೆ ಮುನ್ನ ಪ್ರತಿ ಮಗುವೂ ತನಗೆ ಬೇಕಾದ ಪುಸ್ತಕಗಳನ್ನು ತಾನೇ ಆರಿಸಿಕೊಂಡಿತು. ಅದರಲ್ಲಿ ಹನ್ನೆರಡು ಅದರದೇ ಆಯಿತು. ಮೂರು ಬೇಸಿಗೆ ಹೀಗೆ ನಡೆದ ಮೇಲೆ ಆ ಮಕ್ಕಳ ಓದು ಪುಸ್ತಕ ಸಿಗದ ಮಕ್ಕಳಿಗಿಂತ ಮುಂದಿತ್ತು. ವರದಿ 2010ರಲ್ಲಿ ಪ್ರಕಟವಾಯಿತು. ಅಲ್ಲಿ ಪಾಠ ಹೇಳಿದವರಿಲ್ಲ, ಪರೀಕ್ಷೆ ಇಟ್ಟವರೂ ಇಲ್ಲ.

ಆರಿಸಿದ್ದು ಕಷ್ಟವೋ ಸುಲಭವೋ ತಿಳಿಯಲು ಬೆರಳಿನ ಲೆಕ್ಕವಿದೆ. ಒಂದು ಪುಟ ಓದುತ್ತ, ತಿಳಿಯದ ಪದ ಬಂದಾಗಲೆಲ್ಲ ಮಗು ಒಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಆ ಪುಸ್ತಕವನ್ನು ಅವ್ವನೋ ಅಣ್ಣನೋ ಓದಿ ಹೇಳಲಿ.

ದುಡ್ಡು ಹಾಕಲೇಬೇಕೆಂದಿಲ್ಲ. ಸೂಟಿಗೆ ಮುನ್ನ ಮುಖ್ಯೋಪಾಧ್ಯಾಯರನ್ನು ಕೇಳಿದರೆ ಶಾಲೆಯ ಕಪಾಟಿನ ಪುಸ್ತಕಗಳು ಸಿಗಬಹುದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಶಿವರಾಮ ಕಾರಂತರು 1930ರ ದಶಕದಲ್ಲೇ ಬರೆದ ಮೂರು ಸಂಪುಟಗಳ ‘ಬಾಲ ಪ್ರಪಂಚ’, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಸಿಕ್ಕರೆ ಬಿಡಬೇಡಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತ; ಆಗ ಮಾತ್ರ ಮೊಬೈಲಿಗೆ ವಿನಾಯಿತಿ.

ಓದಿದ್ದು ಅಂಗಳಕ್ಕೆ ಬರಲಿ

ಓದಿದ್ದನ್ನು ಕಣ್ಣಾರೆ ನೋಡಿದ ಮಗು ಮುಂದಿನ ಪುಸ್ತಕವನ್ನು ತಾನೇ ಕೇಳುತ್ತದೆ. ಸೂರ್ಯನ ಬಗ್ಗೆ ಓದಿದ ವಾರ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ನಮ್ಮೂರು ಇರುವುದು ಸುಮಾರು 15.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 3ರ ಆಸುಪಾಸು, ಮಧ್ಯಾಹ್ನ 12 ಗಂಟೆ 20 ನಿಮಿಷದ ಹೊತ್ತಿಗೆ, ಸೂರ್ಯ ನೇರ ನೆತ್ತಿಯ ಮೇಲೆ ಬಂದು ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಗಡಿಯಾರದ ಹನ್ನೆರಡಕ್ಕೇ ಏಕೆ ಅಲ್ಲ? ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ವೇಳೆಗೆ. ನಾವು ಅದಕ್ಕಿಂತ ಪಶ್ಚಿಮದಲ್ಲಿದ್ದೇವೆ. ಈ ಪ್ರಶ್ನೆಯೇ ಮಗುವನ್ನು ನಕಾಶೆಯ ಪುಸ್ತಕಕ್ಕೆ ಕರೆದೊಯ್ಯುತ್ತದೆ. ಸೂರ್ಯನನ್ನು ನೇರ ನೋಡದಂತೆ ಮಾತ್ರ ಎಚ್ಚರ ಹೇಳಿ.

ಲೆಕ್ಕವಿರಲಿ, ಪರೀಕ್ಷೆ ಬೇಡ

ಒಂದು ವಹಿಯಲ್ಲಿ ಮಗು ಪುಸ್ತಕದ ಹೆಸರು, ಮುಗಿಸಿದ ದಿನ, ಹಿಡಿಸಿದ ಸಂಗತಿಯ ಬಗ್ಗೆ ಒಂದು ಸಾಲು ಬರೆಯಲಿ. ಅಷ್ಟೇ ಸಾಕು. ಪುಸ್ತಕಕ್ಕಿಷ್ಟು ರೂಪಾಯಿ ಎಂಬ ಆಸೆ ತೋರಿಸಬೇಡಿ. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬರೆದರೆ ಬಹುಮಾನ ಎಂದು ಮೊದಲೇ ಹೇಳಿಸಿಕೊಂಡ ಪುಟ್ಟ ಮಕ್ಕಳು ಆಮೇಲೆ ಬಹುಮಾನವಿಲ್ಲದಾಗ ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಇಷ್ಟದ ಕೆಲಸ ಕೂಲಿಯಾಯಿತು. ಕೊಡುವುದೇ ಇದ್ದರೆ ಸೂಟಿ ಮುಗಿದ ಮೇಲೆ ಇನ್ನೊಂದು ಪುಸ್ತಕ ಕೊಡಿ.

ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗೆ. ಅವ್ವ ದುಡಿದು ಬಂದು ಕಣ್ಣು ಮುಚ್ಚುವಷ್ಟು ದಣಿದಿದ್ದರೆ ಒಂದೇ ಪುಟ ಓದಿ ನಿಲ್ಲಿಸಿ. ಆದರೆ ನಾಳೆಯೂ ಓದಿ. ‘ನಿನ್ನಿ ಎಲ್ಲಿಗೆ ಬಿಟ್ಟಿದ್ದಿ?’ ಎಂದು ಅವಳೇ ಕೇಳುವ ದಿನ ಬರುತ್ತದೆ.