ಎರಡು ಗಂಟೆಗೆ ಒಗ್ಗದ ಫೀನಿಕ್ಸ್ ಕಥೆ

ಒಂದೇ ಕಥೆಯನ್ನು ಹಾಲಿವುಡ್ ಎರಡು ಬಾರಿ ತೆರೆಗೆ ತಂದಿತು. ಎರಡು ಬಾರಿಯೂ ಎಡವಿತು. ಅದು 'ಎಕ್ಸ್-ಮೆನ್' ಕಾಮಿಕ್ಸ್‌ನ 'ಡಾರ್ಕ್ ಫೀನಿಕ್ಸ್' ಪ್ರಸಂಗ.

ಸ್ಟಾನ್ ಲೀ ಮತ್ತು ಜ್ಯಾಕ್ ಕಿರ್ಬಿ 1963ರಲ್ಲಿ ಸೃಷ್ಟಿಸಿದ ಈ ಮ್ಯುಟೆಂಟ್‌ಗಳ ತಂಡದ ಮೊದಲ ಐವರು ವಿದ್ಯಾರ್ಥಿಗಳಲ್ಲಿ ಜೀನ್ ಗ್ರೇ ಒಬ್ಬಳು. 1976ರಲ್ಲಿ ಲೇಖಕ ಕ್ರಿಸ್ ಕ್ಲೇರ್‌ಮಾಂಟ್ ಆಕೆಗೆ ಫೀನಿಕ್ಸ್ ರೂಪ ನೀಡಿದರು. ಆ ಶಕ್ತಿ ಲೋಕವೊಂದನ್ನು ಸುಟ್ಟ ಮೇಲೆ, ಮತ್ತೆ ಹಾಗಾಗದಿರಲೆಂದು 1980ರಲ್ಲಿ ಆಕೆ ಪ್ರಾಣತ್ಯಾಗ ಮಾಡಿದಳು. ಹದಿನೇಳು ವರ್ಷಗಳಿಂದ ಬಲ್ಲ ಓದುಗರಿಗೆ ಅದು ಮನೆಮಗಳ ಸಾವು.

2006ರ 'ದಿ ಲಾಸ್ಟ್ ಸ್ಟ್ಯಾಂಡ್' ಈ ದುರಂತವನ್ನು ಮ್ಯುಟೆಂಟ್‌ಗಳಿಗೆ 'ಮದ್ದು' ಕಂಡುಹಿಡಿಯುವ ಇನ್ನೊಂದು ಕಥೆಯೊಡನೆ ಬೆರೆಸಿ ಎರಡನ್ನೂ ಸೊರಗಿಸಿತು. ಅದರ ಲೇಖಕರಲ್ಲೊಬ್ಬರಾದ ಸೈಮನ್ ಕಿನ್‌ಬರ್ಗ್ 2019ರ 'ಡಾರ್ಕ್ ಫೀನಿಕ್ಸ್' ಚಿತ್ರವನ್ನು ತಾವೇ ಬರೆದು ನಿರ್ದೇಶಿಸಿದರು. ಆದರೆ ಸೋಫಿ ಟರ್ನರ್ ಅಭಿನಯದ ಜೀನ್ ಅದಕ್ಕೂ ಮುನ್ನ ಕಾಣಿಸಿಕೊಂಡದ್ದು 2016ರ ಒಂದೇ ಚಿತ್ರದಲ್ಲಿ. ಸರಿಯಾಗಿ ಪರಿಚಯವೇ ಇಲ್ಲದವಳ ಪತನಕ್ಕೆ ಮರುಗುವವರು ಯಾರು?

ಕಿರುತೆರೆಗೆ ಈ ಮರ್ಮ ಮೊದಲೇ ತಿಳಿದಿತ್ತು. 1992ರಲ್ಲಿ ಆರಂಭವಾದ ಅನಿಮೇಷನ್ ಧಾರಾವಾಹಿ ಫೀನಿಕ್ಸ್‌ಳ ಉದಯಕ್ಕೆ ಐದು, ಪತನಕ್ಕೆ ನಾಲ್ಕು ಕಂತುಗಳನ್ನು ಮೀಸಲಿಟ್ಟಿತು. ಅದನ್ನೇ ಮುಂದುವರಿಸಿದ 2024ರ 'ಎಕ್ಸ್-ಮೆನ್ 97'ರಲ್ಲಿ ಗ್ಯಾಂಬಿಟ್ ಮಡಿದಾಗ ಕಣ್ಣೊರೆಸಿಕೊಂಡವರಲ್ಲಿ ಅವನನ್ನು ಬಾಲ್ಯದಿಂದ ಬಲ್ಲವರಿದ್ದರು.

2019ರಲ್ಲಿ ಫಾಕ್ಸ್ ಸಂಸ್ಥೆಯನ್ನು ಡಿಸ್ನಿ ಖರೀದಿಸಿದ ಮೇಲೆ ಈ ತಂಡದ ಚಿತ್ರಗಳ ಹೊಣೆ ಮಾರ್ವೆಲ್ ಸ್ಟುಡಿಯೋಸ್ ಮೇಲಿದೆ. ಮತ್ತೆ ಫೀನಿಕ್ಸ್‌ಗೆ ಕೈಹಾಕುವುದಾದರೆ ಮೊದಲು ಜೀನ್‌ಗೆ ಎರಡು ಮೂರು ಚಿತ್ರಗಳ, ಇಲ್ಲವೇ ಒಂದು ಧಾರಾವಾಹಿಯ ಬಾಳು ಕೊಡಲಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಆ ಕಥೆಯನ್ನು ಮುಟ್ಟದಿರುವುದೇ ಲೇಸು.